ಒಂದೇ ಟೇಬಲ್‌ನಲ್ಲಿ ಮೂವರು ಕೆಲಸ ಮಾಡುವ ಯೂನಿಟ್ ನಿಮ್ಮದಾದರೆ, ಟೈಮ್ ಟ್ರ್ಯಾಕಿಂಗ್ ಸಾಫ್ಟ್‌ವೇರ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಪೀಣ್ಯ, ಬೊಮ್ಮಸಂದ್ರ, ಕುಂಬಳಗೋಡು, ಎಲ್ಲೇ ಇರಲಿ, ಸಣ್ಣ ಯೂನಿಟ್ ನಡೆಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಟ್ಯಾಬ್ಲೆಟ್ ಹಿಡಿದುಕೊಂಡು "ನಿಮ್ಮ ಶಾಪ್ ಫ್ಲೋರ್ ಡಿಜಿಟಲ್ ಮಾಡಿಕೊಡ್ತೀವಿ" ಅಂತ ಬರುವವರು ಈಗ ಜಾಸ್ತಿ ಆಗಿದ್ದಾರೆ. ಅಂಥವರಲ್ಲಿ ಒಬ್ಬರಿಗೆ ನಾವು ಒಂದು ವರ್ಷದ ಹಣ ಮುಂಗಡ ಕಟ್ಟಿದೆವು. ಹಣ ಹೋಗಿದ್ದಕ್ಕಿಂತ ನಮ್ಮ ಹುಡುಗರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಯಿತಲ್ಲ, ಅದು ನನಗೆ ಇನ್ನೂ ಸಹಿಸೋಕೆ ಆಗುತ್ತಿಲ್ಲ. ಕಂಪನಿ ಹೆಸರು ಹಾಕಬೇಡಿ ಅಂತ ವಕೀಲರು ಹೇಳಿದ್ದಾರೆ, ಹಾಕುತ್ತಿಲ್ಲ. ಅವರು ಕೊಟ್ಟ ಉತ್ತರಗಳನ್ನು ಮಾತ್ರ ಹಾಗೇ ಹಾಕುತ್ತೇನೆ.

ನಮ್ಮದು ಪೀಣ್ಯದಲ್ಲಿ ಎಲೆಕ್ಟ್ರಿಕಲ್ ಪ್ಯಾನೆಲ್ ಮಾಡುವ ಯೂನಿಟ್. ಎಂಸಿಸಿ ಪ್ಯಾನೆಲ್ (ಮೋಟಾರ್‌ಗಳನ್ನು ನಿಯಂತ್ರಿಸುವುದು), ಎಪಿಎಫ್‌ಸಿ ಪ್ಯಾನೆಲ್ (ಪವರ್ ಫ್ಯಾಕ್ಟರ್ ತಾನೇ ಸರಿಮಾಡುವುದು), ಪಂಪ್ ಸ್ಟಾರ್ಟರ್, ಇಂಥವು. ಡಿಸೈನ್ ಮತ್ತು ಕಸ್ಟಮರ್ ನನ್ನ ಗಂಡ ನೋಡಿಕೊಳ್ಳುತ್ತಾರೆ. ಕಾಸ್ಟಿಂಗ್, ಸಂಬಳ, ಬಿಲ್ಲಿಂಗ್ ನನ್ನದು. ಪ್ಯಾನೆಲ್ ಕೆಲಸ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಒಬ್ಬರು ಬಸ್‌ಬಾರ್ (ಕರೆಂಟ್ ಹರಿಯುವ ದಪ್ಪ ಲೋಹದ ಪಟ್ಟಿ) ಕೂರಿಸುತ್ತಾರೆ, ಒಬ್ಬರು ವೈರ್ ಕತ್ತರಿಸಿ ಫೆರೂಲ್ ಹಾಕಿ ಲಗ್ ಕ್ರಿಂಪ್ ಮಾಡುತ್ತಾರೆ (ವೈರ್ ತುದಿಗೆ ಲೋಹದ ತುಂಡು ಒತ್ತಿ ಕೂರಿಸುವುದು), ಇನ್ನೊಬ್ಬರು ಪ್ಯಾನೆಲ್ ಬಾಗಿಲ ಕಡೆ ಕಂಟ್ರೋಲ್ ವೈರಿಂಗ್ ಹಿಡಿಯುತ್ತಾರೆ. ಮೂವರೂ ಒಟ್ಟಿಗೆ, ಒಂದೇ ಟೇಬಲ್‌ನಲ್ಲಿ. ಕೆಲವು ದಿನ ಅದೇ ಟೇಬಲ್‌ನಲ್ಲಿ ಎರಡು ಸಣ್ಣ ಪ್ಯಾನೆಲ್ ಜೊತೆಯಲ್ಲೇ ಓಡುತ್ತವೆ. ಯಾವ ಜಾಬ್‌ಗೆ, ಅಂದರೆ ಯಾವ ಆರ್ಡರಿನ ಪ್ಯಾನೆಲ್‌ಗೆ, ಯಾರ ಸಮಯ ಎಷ್ಟು ಹೋಯಿತು, ನನಗೆ ಬೇಕಾಗಿದ್ದು ಅಷ್ಟೇ.

ಸಾಫ್ಟ್‌ವೇರ್ ಕಂಪನಿಯಿಂದ ಡೆಮೊಗೆ ಬಂದ ಹುಡುಗನನ್ನು ಟೇಬಲ್ ಹತ್ತಿರ ನಿಲ್ಲಿಸಿಕೊಂಡು ಕೇಳಿದೆ. "ನೋಡಿ, ಇಲ್ಲಿ ಮೂರು ಜನ ಒಟ್ಟಿಗೆ ಕೆಲಸ ಮಾಡ್ತಾರೆ. ಒಂದೇ ಟ್ಯಾಬ್. ಮೂರೂ ಜನರ ಟೈಮ್ ಬರುತ್ತಾ?" ಅವನು ಒಂದು ಕ್ಷಣವೂ ಯೋಚಿಸಲಿಲ್ಲ. "ಎಷ್ಟು ಜನ ಬೇಕಾದ್ರೂ ಹಾಕ್ಕೊಳ್ಳಿ ಮೇಡಂ, ಅನ್‌ಲಿಮಿಟೆಡ್ ಆಪರೇಟರ್ಸ್" ಅಂದ. ತನ್ನದೇ ಐಡಿ ಸ್ಕ್ಯಾನ್ ಮಾಡಿ, ಜಾಬ್ ಕಾರ್ಡಿನ ಬಾರ್‌ಕೋಡ್ ಸ್ಕ್ಯಾನ್ ಮಾಡಿ, ಸ್ಟಾರ್ಟ್ ಒತ್ತಿ ತೋರಿಸಿದ. ಗಡಿಯಾರ ಓಡಿತು. ಚೆನ್ನಾಗಿಯೇ ಕಂಡಿತು. ಡೆಮೊದಲ್ಲಿ ಸ್ಕ್ಯಾನ್ ಮಾಡಿದ್ದು ಅವನೊಬ್ಬನೇ ಅನ್ನುವುದನ್ನು ಮಾತ್ರ ನೆನಪಿಟ್ಟುಕೊಳ್ಳಿ.

ವರ್ಷದ ಲೈಸೆನ್ಸ್, ಅಳವಡಿಕೆ ಶುಲ್ಕ, ಟ್ರೈನಿಂಗ್ ಶುಲ್ಕ, ಎಲ್ಲದರ ಮೇಲೆ 18% ಜಿಎಸ್‌ಟಿ. ಟ್ಯಾಬ್ಲೆಟ್ ಬೇರೆ ನಾವೇ ಕೊಂಡೆವು.

ಮೊದಲ ತಿಂಗಳ ರಿಪೋರ್ಟ್ ನೋಡಿದಾಗ ಲೇಬರ್ ಖರ್ಚು ತುಂಬ ಕಡಿಮೆ ಕಾಣಿಸಿತು. ಹುಡುಗರು ವೇಗವಾಗಿದ್ದಾರೆ ಅಂತ ನನ್ನ ಗಂಡ ಖುಷಿಪಟ್ಟರು. ನನಗೆ ಸಮಾಧಾನ ಆಗಲಿಲ್ಲ. ಒಂದು ಜಾಬ್ ತೆಗೆದು ಗಂಟೆ ಗಂಟೆ ನೋಡಿದೆ. ಬೆಳಗ್ಗೆ 9ಕ್ಕೆ ಹಿರಿಯ ವೈರ್‌ಮನ್ ಸ್ಕ್ಯಾನ್ ಮಾಡಿದ್ದಾರೆ. 9:05ಕ್ಕೆ ಎರಡನೆಯವನು. ಆ ಕ್ಷಣಕ್ಕೇ ಮೊದಲನೆಯವರ ಸಮಯ ನಿಂತಿದೆ! 9:10ಕ್ಕೆ ಮೂರನೆಯವನು ಸ್ಕ್ಯಾನ್ ಮಾಡಿದ್ದಾನೆ, ಎರಡನೆಯವನದೂ ನಿಂತಿದೆ. ಅಂದರೆ ಒಂದು ಟೇಬಲ್‌ನಲ್ಲಿ ಒಬ್ಬರದೇ ಗಡಿಯಾರ ಓಡುತ್ತದೆ. ಹೊಸಬರು ಬಂದರೆ ಹಳಬರನ್ನು ಕೇಳದೆ, ಹೇಳದೆ ಹೊರಗೆ ಹಾಕುತ್ತದೆ. ಪರದೆ ಮೇಲೆ ಒಂದು ಸೂಚನೆಯೂ ಬರುವುದಿಲ್ಲ. ಒಂದು ಸೂಚನೆಯೂ ಇಲ್ಲ!

ಲೆಕ್ಕ ಹಾಕಿ ನೋಡಿ. 9ರಿಂದ 1ರವರೆಗೆ ಮೂವರು ಕೆಲಸ ಮಾಡಿದರೆ 12 ಗಂಟೆಯ ದುಡಿಮೆ. ಸಾಫ್ಟ್‌ವೇರ್ ತೋರಿಸಿದ್ದು 4. ಒಬ್ಬರಿಗೆ ಗಂಟೆಗೆ ಎಲ್ಲ ಸೇರಿ 200 ರೂಪಾಯಿ ಅಂತ ಇಟ್ಟುಕೊಂಡರೂ 2,400 ರೂಪಾಯಿ ಆಗಬೇಕಾದ ಕಡೆ 800 ಬಂದಿದೆ. ಅರ್ಧ ದಿನಕ್ಕೆ ಇಷ್ಟು. ದೊಡ್ಡ ಪ್ಯಾನೆಲ್ ಆದರೆ ಎಲ್ಲಿಗೆ ಹೋಗುತ್ತೆ ನೀವೇ ಹೇಳಿ. ಇದೇ ರಿಪೋರ್ಟ್ ನೋಡಿ ಒಂದು ರಿಪೀಟ್ ಆರ್ಡರ್‌ಗೆ ಕೊಟೇಶನ್ ಕೂಡ ಹೋಗಿಬಿಟ್ಟಿತ್ತು. ಆ ಆರ್ಡರ್ ನಾವು ಕೈಯಿಂದ ದುಡ್ಡು ಹಾಕಿ ಮುಗಿಸಿದ್ದೇವೆ.

ಫೋನ್ ಮಾಡಿದೆ. ಡೆಮೊ ಹುಡುಗ "ಅದು ಸಪೋರ್ಟ್ ಟೀಮ್ ಮೇಡಂ, ಟಿಕೆಟ್ ಹಾಕಿ" ಅಂದ. ಟಿಕೆಟ್ ಹಾಕಿದೆ, ಅಂದರೆ ಬರೆದು ದೂರು ಕೊಟ್ಟೆ. ಬಂದ ಉತ್ತರ: "ಸಿಸ್ಟಮ್ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಒಂದು ಸ್ಟೇಷನ್‌ಗೆ ಒಂದು ಸಮಯದಲ್ಲಿ ಒಬ್ಬ ಆಪರೇಟರ್. ಇದು ಸ್ಟಾಂಡರ್ಡ್ ಪ್ರಾಸೆಸ್." ಸ್ಟೇಷನ್ ಅಂದರೆ ಅವರ ಲೆಕ್ಕದಲ್ಲಿ ನಮ್ಮ ಟೇಬಲ್. ಹಾಗಾದರೆ ಅನ್‌ಲಿಮಿಟೆಡ್ ಅಂದಿದ್ದು? "ಮೇಡಂ, ನೀವು ಎಷ್ಟು ಆಪರೇಟರ್ ಹೆಸರು ಬೇಕಾದರೂ ಮಾಸ್ಟರ್ ಲಿಸ್ಟ್‌ಗೆ ಸೇರಿಸಬಹುದು. ಒಂದೇ ಸಮಯಕ್ಕೆ ಅಂತ ನಾವು ಎಲ್ಲೂ ಹೇಳಿಲ್ಲ."

ಇದನ್ನು ಓದಿ ಕೈ ನಡುಗಿತು. ಐವತ್ತು ಜನಕ್ಕೆ ಟಿಕೆಟ್ ಹರಿದು, ಒಂದೇ ಸೀಟಿರುವ ಬಸ್ ತಂದು ನಿಲ್ಲಿಸಿದ ಹಾಗಾಯಿತು. ನಾನು ಟೇಬಲ್ ತೋರಿಸಿ ಕೇಳಿದ್ದೆ. ಮೂವರು ಅಲ್ಲೇ ನಿಂತು ಕ್ರಿಂಪಿಂಗ್ ಮಾಡುತ್ತಿದ್ದರು. ಅವರನ್ನು ನೋಡಿಕೊಂಡೇ ಅವನು ಆಗುತ್ತೆ ಅಂದಿದ್ದು. ಗೊತ್ತಿದ್ದೇ ಹೇಳಿದ ಮಾತು ಅದು.

ಅಷ್ಟರಲ್ಲಿ ಓಟಿ (ಓವರ್‌ಟೈಮ್) ವಿಷಯ ಬಂತು. ಒಂದು ಡಿಸ್ಪ್ಯಾಚ್ ಇದ್ದ ವಾರ ಹುಡುಗರು ರಾತ್ರಿ ಎಂಟೂವರೆವರೆಗೆ ಇದ್ದರು. ನಮ್ಮ ಶಿಫ್ಟ್ 5:30ಕ್ಕೆ ಮುಗಿಯುತ್ತದೆ. ಸಾಫ್ಟ್‌ವೇರ್ ಸರಿಯಾಗಿ 5:30ಕ್ಕೆ ಎಲ್ಲರನ್ನೂ ತಾನೇ ಲಾಗೌಟ್ ಮಾಡಿಬಿಡುತ್ತದಂತೆ, ಮರೆತು ಹೋದವರಿಗೆ ಅನುಕೂಲ ಆಗಲಿ ಅಂತ. ಮತ್ತೆ ಸ್ಕ್ಯಾನ್ ಮಾಡಿದರೆ? ಅದೇ ಕಥೆ. ಕೊನೆಗೆ ಸ್ಕ್ಯಾನ್ ಮಾಡಿದವನಿಗೆ ಮಾತ್ರ ಓಟಿ. ಸಂಬಳದ ಫೈಲ್ ಅದರಿಂದಲೇ ಬಂದಿತ್ತು.

ಸಂಬಳದ ದಿನ ಹಿರಿಯ ವೈರ್‌ಮನ್ ನನ್ನ ಟೇಬಲ್ ಹತ್ತಿರ ಬಂದರು. ತುಮಕೂರು ಕಡೆಯವರು, ಜೋರಾಗಿ ಮಾತಾಡುವವರೇ ಅಲ್ಲ. "ಅಕ್ಕಾ, ನಂದು ಓಟಿ ಎಲ್ಲೋಯ್ತು? ನಾವು ಮೂರು ಜನನೂ ಇದ್ವಲ್ಲ. ಆ ಬಸ್‌ಬಾರ್ ಎತ್ತಿ ಹಿಡಿಯೋಕೆ ಒಬ್ಬನ ಕೈಲಿ ಆಗುತ್ತಾ?" ಅಂದು ಜೇಬಿನಿಂದ ಒಂದು ಸಣ್ಣ ಡೈರಿ ತೆಗೆದು ತೋರಿಸಿದರು. ಯಾವ ದಿನ ಎಷ್ಟಕ್ಕೆ ಬಂದೆ, ಎಷ್ಟಕ್ಕೆ ಹೋದೆ, ಎಲ್ಲ ಬರೆದಿತ್ತು. ನನಗೆ ಮಾತೇ ಬರಲಿಲ್ಲ. ವಾರಕ್ಕೆ 48 ಗಂಟೆ ದಾಟಿದ ಕೆಲಸಕ್ಕೆ ಎರಡು ಪಟ್ಟು ಕೂಲಿ ಕೊಡಬೇಕು ಅಂತ ಕಾನೂನೇ ಇದೆ. ಯಾರೋ ಬಂದು ರಿಜಿಸ್ಟರ್ ಕೇಳಿದರೆ ನಾನು ಈ ಟ್ಯಾಬ್ಲೆಟ್ ತೋರಿಸಬೇಕಾ? ಅವತ್ತೇ ಎಲ್ಲರಿಗೂ ಪೂರ್ತಿ ಓಟಿ ಕೊಟ್ಟೆವು. ಆದರೆ ಅಕ್ಕ ಓಟಿ ಕತ್ತರಿಸಿದರು ಅನ್ನುವ ಮಾತು ಒಂದು ಸಲ ಬಂದಮೇಲೆ ಅದನ್ನು ಒರೆಸುವುದು ಹೇಗೆ?

ಇದಕ್ಕಿಂತ ಬೇಜಾರಿನದು ಇನ್ನೊಂದು. ಕೊನೆಗೆ ಸ್ಕ್ಯಾನ್ ಮಾಡಿದ್ದ ಹುಡುಗನಿಗೆ ಪೂರ್ತಿ ಓಟಿ ಬಂದಿತ್ತಲ್ಲ, ಉಳಿದವರು ಅವನ ಮೇಲೆ ಬಿದ್ದರು. "ಬೇಕಂತಲೇ ಕೊನೆಗೆ ಒತ್ತಿದೀಯ" ಅಂತ. ವರ್ಷಗಟ್ಟಲೆ ಒಂದೇ ಡಬ್ಬಿಯಲ್ಲಿ ಊಟ ಹಂಚಿಕೊಂಡವರು. ಆಮೇಲೆ ಎಲ್ಲರೂ ಒಬ್ಬರ ಮೇಲೊಬ್ಬರು ಸ್ಕ್ಯಾನ್ ಮಾಡೋಕೆ ಶುರು ಮಾಡಿದರು. ಲಾಗ್ ತೆಗೆದರೆ ಒಂದು ನಿಮಿಷ, ಎರಡು ನಿಮಿಷದ ಸಾಲುಗಳೇ. ಇದನ್ನು ಕಳಿಸಿದಾಗ ಬಂದ ಉತ್ತರ ಕೇಳಿ: "ಇದು ಯೂಸರ್ ಬಿಹೇವಿಯರ್ ಸಮಸ್ಯೆ ಮೇಡಂ. ನಿಮ್ಮ ಆಪರೇಟರ್‌ಗಳಿಗೆ ಡಿಸಿಪ್ಲಿನ್ ಕಲಿಸಬೇಕು."

ನಮ್ಮ ಹುಡುಗರಿಗೆ ಡಿಸಿಪ್ಲಿನ್! ಇವರು ತಂದಿಟ್ಟ ಯಂತ್ರ ಜಗಳ ಹಚ್ಚಿತು, ಪಾಠ ನಮ್ಮವರಿಗೆ.

ಫೋನಿನಲ್ಲಿ ನಾನು ಜೋರು ಮಾಡಿದ ಮೇಲೆ ಅವರ ಅಕೌಂಟ್ ಮ್ಯಾನೇಜರ್ ಬಂದರು. "ಮೇಡಂ, ಇದು ಟೆಕ್ನಿಕಲಿ ಸ್ವಲ್ಪ ಕಾಂಪ್ಲೆಕ್ಸ್. ಸರ್ ಇದ್ರೆ ಫೋನ್ ಕೊಡ್ತೀರಾ?" ಕಾಸ್ಟಿಂಗ್ ಮಾಡುವುದು ನಾನು, ಸಂಬಳ ಕೊಡುವುದು ನಾನು, ತಪ್ಪು ಹಿಡಿದದ್ದು ನಾನು. ಅರ್ಥ ಆಗದವಳೂ ನಾನೇನಾ? ಸರ್‌ಗೆ ಫೋನ್ ಕೊಡಲಿಲ್ಲ. ಆಗ ಹೇಳಿದರು, ನಿಮಗೆ ಬೇಕಾದ್ದು ಮಲ್ಟಿ ಆಪರೇಟರ್ ಮಾಡ್ಯೂಲ್, ಅದು ದೊಡ್ಡ ಪ್ಲಾನ್‌ನಲ್ಲಿ ಮಾತ್ರ, ತಲೆಗೆ ಇಷ್ಟು ಅಂತ ತಿಂಗಳಿಗೆ ಬೇರೆ ಕಟ್ಟಬೇಕು. ಅಂದರೆ ಸೌಲಭ್ಯ ಇದೆ. ಮೊದಲ ದಿನವೇ ಅವರಿಗೆ ಗೊತ್ತಿತ್ತು. ನಾವು ಸಿಕ್ಕಿಹಾಕಿಕೊಂಡ ಮೇಲೆ ಹೇಳಿದರು.

ಟ್ರಯಲ್ ಕೊಡಿ ಅಂದೆ. ಕೊಟ್ಟರು. ಅದು ಇನ್ನೊಂದು ತರಹದ ಅನಾಹುತ. ಈಗ ಯಾರನ್ನೂ ಹೊರಗೆ ಹಾಕುವುದಿಲ್ಲ, ಆದರೆ ಟೇಬಲ್‌ನಲ್ಲಿ ಎರಡು ಜಾಬ್ ತೆರೆದಿದ್ದರೆ ಪ್ರತಿಯೊಬ್ಬರ ಪೂರ್ತಿ ಸಮಯವನ್ನು ಎರಡೂ ಜಾಬ್‌ಗೆ ಬರೆಯುತ್ತದೆ. ಇಬ್ಬರು 4 ಗಂಟೆ ದುಡಿದರೆ 8 ಗಂಟೆ. ಅದು 16 ತೋರಿಸುತ್ತದೆ. ಮೊದಲು ಕಡಿಮೆ, ಈಗ ಡಬಲ್. ಕೇಳಿದರೆ, "ಎಡಿಟ್ ಬಟನ್ ಕೊಟ್ಟಿದ್ದೀವಲ್ಲ ಮೇಡಂ, ಮ್ಯಾನುಯಲ್ ಆಗಿ ಸರಿ ಮಾಡ್ಕೊಳ್ಳಿ." ಎಡಿಟ್ ಮಾಡಿದರೆ ಯಾರು ಮಾಡಿದರು, ಮೊದಲು ಎಷ್ಟಿತ್ತು ಅನ್ನುವ ಗುರುತು ಉಳಿಯುವುದಿಲ್ಲ. ಸಂಬಳದ ಲೆಕ್ಕವನ್ನು ಹೀಗೆ ತಿದ್ದಬಹುದಾ? ಕೈಯಲ್ಲೇ ಬರೆಯುವುದಾದರೆ ಇವರಿಗೆ ದುಡ್ಡು ಯಾಕೆ ಕೊಡಬೇಕು?

ಇದೇನು ಆಗದ ಕೆಲಸವಾ? ಅಲ್ಲ. ಟೇಬಲ್ಲಿನ ಸಮಯ ಬೇರೆ, ಮನುಷ್ಯರ ಸಮಯ ಬೇರೆ. ಮೂವರಿದ್ದರೂ ಟೇಬಲ್ ದುಡಿದದ್ದು 4 ಗಂಟೆಯೇ, ಅದನ್ನು ಒಂದೇ ಸಲ ಎಣಿಸಬೇಕು. ಮನುಷ್ಯರದು ಒಬ್ಬೊಬ್ಬರಿಗೂ ಬೇರೆ ಸಾಲು, ಬಂದದ್ದು ಹೋದದ್ದು ಬೇರೆ. ಒಬ್ಬರು ಎರಡು ಜಾಬ್ ಹಿಡಿದಿದ್ದರೆ ಆ ಸಮಯವನ್ನು ಎರಡಕ್ಕೂ ಹಂಚಬೇಕು, ಎರಡರಲ್ಲೂ ಪೂರ್ತಿ ಬರೆಯಬಾರದು. ಈಗ ನಾನು ಎಕ್ಸೆಲ್‌ನಲ್ಲಿ ಇದನ್ನೇ ಮಾಡುತ್ತಿದ್ದೇನೆ. ಜಾಬ್ ಕಾರ್ಡ್ ಹಿಂದೆ ಹುಡುಗರು ಪೆನ್ನಿನಲ್ಲಿ ಸಮಯ ಬರೆಯುತ್ತಾರೆ, ಸಂಜೆ ನಾನು ಹಾಕುತ್ತೇನೆ. ಲೆಕ್ಕ ತಾಳೆ ಆಗುತ್ತಿದೆ.

"ನಮ್ಮ ಬೇರೆ ಕ್ಲೈಂಟ್‌ಗಳಿಗೆ ಈ ತೊಂದರೆ ಇಲ್ಲ" ಅಂತಲೂ ಹೇಳಿದ್ದರು. ಅವರು ಕೊಟ್ಟ ನಂಬರ್‌ಗೆ ಫೋನ್ ಮಾಡಿದೆ. ಅದು ಸಿಎನ್‌ಸಿ ಟರ್ನಿಂಗ್ ಶಾಪ್, ಕಂಪ್ಯೂಟರ್ ನಡೆಸುವ ಲೇತ್ ಮೆಷಿನ್‌ಗಳ ಯೂನಿಟ್. ಒಂದು ಮೆಷಿನ್, ಒಬ್ಬ ಆಪರೇಟರ್. ಅಲ್ಲಿ ತೊಂದರೆ ಎಲ್ಲಿಂದ ಬರಬೇಕು? ಅವರೂ ಒಂದು ಮಾತು ಹೇಳಿದರು, ರಾತ್ರಿ ಪಾಳಿಯಲ್ಲಿ ಒಬ್ಬನೇ ಎರಡು ಮೆಷಿನ್ ನೋಡಿದರೆ ಅವನ ಗಂಟೆ ಡಬಲ್ ಬರುತ್ತದಂತೆ. ಅವರು ಆ ರಿಪೋರ್ಟನ್ನೇ ನೋಡುವುದಿಲ್ಲವಂತೆ.

ಹಣ ವಾಪಸ್ ಕೇಳಿದ್ದಕ್ಕೆ, "ಲೈಸೆನ್ಸ್ ಆಕ್ಟಿವೇಟ್ ಆಗಿದೆ, ರೀಫಂಡ್ ಪಾಲಿಸಿ ಇಲ್ಲ." ಗ್ರಾಹಕರ ಆಯೋಗಕ್ಕೆ ಹೋಗೋಣ ಅಂದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಗ್ರಾಹಕರ ಲೆಕ್ಕಕ್ಕೆ ಬರುವುದಿಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ಕೊಂಡವರಿಗೆ ವಿನಾಯಿತಿ ಇದೆ, ಆದರೆ ಕೆಲಸಗಾರರನ್ನು ಇಟ್ಟುಕೊಂಡ ನಮ್ಮಂಥ ಯೂನಿಟ್‌ಗೆ ಅದು ಕಷ್ಟ ಅಂತ ವಕೀಲರು ಹೇಳಿದರು. ಉಳಿದಿದ್ದು ಸಿವಿಲ್ ಕೋರ್ಟ್. ಅದು ಎಷ್ಟು ನಿಧಾನ ಅಂತ ಎಲ್ಲರಿಗೂ ಗೊತ್ತು, ಇವರಿಗೂ ಗೊತ್ತು.

ಅದಕ್ಕೇ ಹೇಳುತ್ತಿದ್ದೇನೆ. ಅವರ ಹುಡುಗ ಒಬ್ಬನೇ ಸ್ಕ್ಯಾನ್ ಮಾಡಿ ತೋರಿಸಿದರೆ ಒಪ್ಪಬೇಡಿ. ನಿಮ್ಮ ಮೂವರನ್ನು, ನಿಮ್ಮ ಟೇಬಲ್‌ನಲ್ಲಿ, ಎರಡು ಜಾಬ್ ಕಾರ್ಡ್ ಕೊಟ್ಟು ಒಂದು ಪೂರ್ತಿ ಶಿಫ್ಟ್ ಓಡಿಸಿ. ಓಟಿವರೆಗೂ ಓಡಿಸಿ. ಸಂಜೆ ಕೈಲೆಕ್ಕದ ಜೊತೆ ತಾಳೆ ನೋಡಿ. "ಒಂದೇ ಸ್ಟೇಷನ್‌ನಲ್ಲಿ ಒಂದೇ ಸಮಯಕ್ಕೆ ಇಷ್ಟು ಜನ" ಅಂತ ಪರ್ಚೇಸ್ ಆರ್ಡರ್‌ನಲ್ಲೇ ಬರೆಸಿ, ಅವರ ಸಹಿ ಹಾಕಿಸಿ. ಬಾಯಿಮಾತು ಬೇಡವೇ ಬೇಡ. ವರ್ಷದ ಹಣ ಮುಂಗಡ ಕೇಳಿದರೆ ತಿಂಗಳು ತಿಂಗಳು ಕಟ್ಟುತ್ತೇವೆ ಅನ್ನಿ, ಆಗಲ್ಲ ಅಂದರೆ ಕಳಿಸಿಬಿಡಿ. ಸಂಬಳವನ್ನಂತೂ ಕೆಲವು ತಿಂಗಳು ಅದಕ್ಕೆ ಜೋಡಿಸಲೇಬೇಡಿ.

ನಾವು ವಕೀಲರ ಮೂಲಕ ನೋಟಿಸ್ ಕಳಿಸಿದ್ದೇವೆ. ಡೆಮೊ ದಿನ ಅಲ್ಲೇ ನಿಂತು ಅವನ ಮಾತು ಕೇಳಿಸಿಕೊಂಡಿದ್ದ ಮೂವರು ಹುಡುಗರೂ ಸಾಕ್ಷಿ ಹೇಳೋಕೆ ತಯಾರಿದ್ದಾರೆ. ನಿಮ್ಮ ಯೂನಿಟ್‌ನಲ್ಲೂ ಇದೇ ತರಹ ಆಗಿದ್ದರೆ ಡೆಮೊದಲ್ಲಿ ಏನು ಹೇಳಿದ್ದರು, ಆಮೇಲೆ ಏನು ಉತ್ತರ ಕೊಟ್ಟರು, ಎರಡನ್ನೂ ನನಗೆ ಬರೆದು ಕಳಿಸಿ. ಒಬ್ಬರೇ ಕೇಳಿದರೆ ಇವರು ಟಿಕೆಟ್ ನಂಬರ್ ಕೊಟ್ಟು ಸುಮ್ನಾಗುತ್ತಾರೆ.