ಕೂಡಿಟ್ಟ ಮನೆಯಿಂದ ಬಿಡಿಸಿ ತಂದ ಪರ್ಷಿಯನ್ ಬೆಕ್ಕುಗಳು: ‘ಫಾಸ್ಟರ್ ಟು ಅಡಾಪ್ಟ್’ ಸೇವೆ ಹೇಗಿದೆ?

ಎರಡು ಕೋಣೆಯ ಮನೆಯಲ್ಲಿ ಹತ್ತಾರು ಪರ್ಷಿಯನ್ ಬೆಕ್ಕುಗಳನ್ನು ತುಂಬಿಟ್ಟುಕೊಂಡವರಿಂದ ಅವನ್ನು ಬಿಡಿಸಿ ತಂದ ಮೇಲೆ ಮನೆ ಹುಡುಕುವ ದಾರಿ ಎರಡು. ಫೋಟೊ ಹಾಕಿ, ಫಾರಂ ತುಂಬಿಸಿಕೊಂಡು ಅದೇ ವಾರ ಕೊಟ್ಟು ಕಳಿಸುವುದು ಒಂದು. ಕೆಲವು ವಾರ ಫಾಸ್ಟರ್ ಆಗಿ, ಅಂದರೆ ತಾತ್ಕಾಲಿಕವಾಗಿ ಇಟ್ಟುಕೊಳ್ಳಲು ಕೊಟ್ಟು, ಆರೋಗ್ಯ ಖಚಿತವಾದ ಮೇಲೆ ದತ್ತುಪತ್ರ ಮಾಡುವುದು ಇನ್ನೊಂದು, ಇದೇ ‘ಫಾಸ್ಟರ್ ಟು ಅಡಾಪ್ಟ್’. ಈ ಬೆಕ್ಕುಗಳಿಗೆ ಎರಡನೆಯದೇ ಸರಿ. ನೀವು ವಿಚಾರಿಸುತ್ತಿರುವ ಪ್ರಾಣಿರಕ್ಷಣೆಯ ಗುಂಪು ಅದನ್ನು ಶಿಸ್ತಾಗಿ ನಡೆಸುತ್ತಿದೆಯೇ ಎಂದು ತಿಳಿಯಲು ಅವರು ಕೊಡುವ ಆರೋಗ್ಯದ ಫೈಲ್ ಒಂದನ್ನು ಓದಿದರೆ ಸಾಕು.

ಫೈಲಿನಲ್ಲಿ ಮೊದಲು ಹುಡುಕಬೇಕಾದ್ದು ಹುಳುಕಡ್ಡಿಯ ವಿಚಾರ. ಮೈಕ್ರೊಸ್ಪೋರಂ ಕ್ಯಾನಿಸ್ ಎಂಬ ಶಿಲೀಂಧ್ರ ಉದ್ದ ಕೂದಲಿನ ಬೆಕ್ಕುಗಳಲ್ಲಿ ಗಾಯವೇ ಕಾಣದಂತೆ ಅಡಗಿರಬಲ್ಲದು. ಮನುಷ್ಯರಿಗೂ ಹತ್ತುತ್ತದೆ, ಮಕ್ಕಳಿಗೆ ಇನ್ನೂ ಬೇಗ. ವುಡ್ಸ್ ದೀಪದಲ್ಲಿ (ನೇರಳಾತೀತ ಬೆಳಕಿನ ದೀಪ) ಕೂದಲು ಹಸಿರಾಗಿ ಹೊಳೆದರೆ ಅನುಮಾನ ಗಟ್ಟಿಯಾಗುತ್ತದೆ, ಹೊಳೆಯಲಿಲ್ಲವೆಂದರೆ ರೋಗವಿಲ್ಲ ಎಂದಲ್ಲ. ಹೊಸ ಟೂತ್ ಬ್ರಷ್‌ನಿಂದ ಮೈಯೆಲ್ಲ ಬಾಚಿ ಕಲ್ಚರ್‌ಗೆ (ಪ್ರಯೋಗಾಲಯದಲ್ಲಿ ಶಿಲೀಂಧ್ರ ಬೆಳೆಸಿ ನೋಡುವ ಪರೀಕ್ಷೆ) ಕಳಿಸಬೇಕು, ಫಲಿತಾಂಶಕ್ಕೆ ಎರಡು ಮೂರು ವಾರ ಬೇಕು. ವೈದ್ಯರು ಸಾಮಾನ್ಯವಾಗಿ ಬರೆಯುವುದು ಇಟ್ರಕೊನಜೋಲ್ ಎಂಬ ಶಿಲೀಂಧ್ರನಾಶಕ: ಕೆ.ಜಿ. ತೂಕಕ್ಕೆ ದಿನಕ್ಕೆ 5 ಮಿ.ಗ್ರಾಂ, ಒಂದು ವಾರ ಕೊಟ್ಟು ಒಂದು ವಾರ ಬಿಟ್ಟು, ಹೀಗೆ ಮೂರು ಸುತ್ತು. ಜೊತೆಗೆ ವಾರಕ್ಕೆ ಎರಡು ಸಲ ಲೈಮ್ ಸಲ್ಫರ್ ದ್ರಾವಣ, ಇಲ್ಲವೇ ಕ್ಲೋರ್‌ಹೆಕ್ಸಿಡಿನ್ ಮತ್ತು ಮೈಕೊನಜೋಲ್ ಇರುವ ಶಾಂಪೂ. ಕೂದಲು ಮತ್ತೆ ಬಂತೆಂದು ಔಷಧಿ ನಿಲ್ಲಿಸಿದರೆ, ಅಥವಾ ಒಟ್ಟಿಗಿದ್ದ ಬೆಕ್ಕುಗಳಲ್ಲಿ ಒಂದೇ ಒಂದಕ್ಕೆ ಚಿಕಿತ್ಸೆ ಬಿಟ್ಟರೂ, ಎಲ್ಲ ಮೊದಲಿನಿಂದ ಶುರು. ಉದುರಿದ ಕೂದಲಿನಲ್ಲಿ ಬೀಜಕಣಗಳು ತಿಂಗಳುಗಟ್ಟಲೆ ಬದುಕಿರುತ್ತವೆ. ಹಾಗಾಗಿ ಕ್ಯಾರಿಯರ್, ಹಾಸಿಗೆ, ಬಾಚಣಿಗೆ ಯಾವುದನ್ನೂ ಹಳೆಯ ಮನೆಯಿಂದ ತರಬಾರದು. ‘ಚರ್ಮ ಚೆನ್ನಾಗಿದೆ’ ಎಂಬ ಒಂದು ಸಾಲು ಕಲ್ಚರ್ ವರದಿಗೆ ಬದಲಿಯಲ್ಲ.

ಎಫ್‌ಐವಿ (ಬೆಕ್ಕಿನ ರೋಗನಿರೋಧಕ ಶಕ್ತಿ ಕುಂದಿಸುವ ವೈರಸ್) ಮತ್ತು ಎಫ್‌ಇಎಲ್‌ವಿ (ಬೆಕ್ಕಿನ ಲ್ಯುಕೇಮಿಯಾ ವೈರಸ್) ಪರೀಕ್ಷೆ ಕೆಲವು ಹನಿ ರಕ್ತದಲ್ಲಿ, ಸುಮಾರು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಸೋಂಕು ಇತ್ತೀಚೆಗೆ ತಗುಲಿದ್ದರೆ ಅದು ತಪ್ಪಿಸಿಕೊಳ್ಳಬಹುದು, ಅದಕ್ಕೇ ಎಫ್‌ಇಎಲ್‌ವಿಗೆ ಒಂದು ತಿಂಗಳ ಮೇಲೆ, ಎಫ್‌ಐವಿಗೆ ಎರಡು ತಿಂಗಳ ಮೇಲೆ ಮತ್ತೊಮ್ಮೆ ಮಾಡಿಸಬೇಕು. ಇನ್ನು ತಳಿಯದೇ ಆದ ಕಾಯಿಲೆ ಪಿಕೆಡಿ, ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು ಬೆಳೆಯುವುದು. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಮರಿಗೆ ಬರಬಹುದು. ಕೂಡಿಟ್ಟ ಮನೆಯಲ್ಲಿ ಒಂದೇ ರಕ್ತದ ಬೆಕ್ಕುಗಳು ತಮ್ಮತಮ್ಮಲ್ಲೇ ಕೂಡಿ ಮರಿ ಹಾಕಿರುವುದರಿಂದ, ಒಂದಕ್ಕಿದ್ದರೆ ಉಳಿದವಕ್ಕೂ ಪರೀಕ್ಷೆ ಮಾಡಿಸುವುದು ವಿವೇಕ. ಹತ್ತು ತಿಂಗಳು ದಾಟಿದ ಬೆಕ್ಕಿಗೆ ಅಲ್ಟ್ರಾಸೌಂಡ್ ಸಾಕಷ್ಟು ನಂಬಿಕೆಯ ಉತ್ತರ ಕೊಡುತ್ತದೆ. ಎರಡು ವರ್ಷದೊಳಗಿನ ಬೆಕ್ಕಿಗೆ ಜ್ವರ ಆಂಟಿಬಯೋಟಿಕ್‌ಗೂ ಇಳಿಯದಿದ್ದರೆ, ಹೊಟ್ಟೆ ಉಬ್ಬಿದರೆ, ಎಫ್‌ಐಪಿ (ಬೆಕ್ಕಿನ ಕೊರೊನಾ ವೈರಸ್‌ನಿಂದ ಬರುವ ಮಾರಕ ಕಾಯಿಲೆ) ಇರಬಹುದೇ ಎಂದು ಕೂಡಲೇ ವೈದ್ಯರನ್ನು ಕೇಳಿ. ಇಕ್ಕಟ್ಟಿನಲ್ಲಿ ಒಂದೇ ಲಿಟರ್ ಟ್ರೇ ಹಂಚಿಕೊಂಡ ಬೆಕ್ಕುಗಳಲ್ಲಿ ಅದರ ಅಪಾಯ ಹೆಚ್ಚು, ಜಾಗ ಬದಲಾದ ಒತ್ತಡದಲ್ಲೂ ಅದು ತಲೆಯೆತ್ತಬಹುದು. ಫಾಸ್ಟರ್ ಅವಧಿ ಬೇಕು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣವಿಲ್ಲ.

ಮನೆಗೆ ಬಂದ ಬೆಕ್ಕನ್ನು ಮೊದಲ ಎರಡು ವಾರ ಒಂದೇ ಸಣ್ಣ ಕೋಣೆಯಲ್ಲಿಡಿ. ನೆಲವೆಲ್ಲ ಗಲೀಜಾಗಿದ್ದ ಕಡೆ ಬೆಳೆದ ಬೆಕ್ಕಿಗೆ ಟ್ರೇ ಏನೆಂದೇ ತಿಳಿದಿರುವುದಿಲ್ಲ. ಬೆಕ್ಕಿನ ಉದ್ದದ ಒಂದೂವರೆ ಪಟ್ಟು ಇರುವ, ಮುಚ್ಚಳವಿಲ್ಲದ ಟ್ರೇಯಲ್ಲಿ ವಾಸನೆ ಬೆರೆಸದ ಸಣ್ಣ ಕಾಳಿನ ಲಿಟರ್ ಎರಡು ಮೂರು ಅಂಗುಲ ಹಾಕಿ. ಬೆಕ್ಕು ಎಷ್ಟೋ ಅದಕ್ಕಿಂತ ಒಂದು ಟ್ರೇ ಹೆಚ್ಚಿರಲಿ. ಊಟ ಬದಲಿಸುವುದು ಒಂದು ವಾರದಲ್ಲಿ, ಸ್ವಲ್ಪ ಸ್ವಲ್ಪವಾಗಿ. ಹೆದರಿ ಮಂಚದ ಕೆಳಗೆ ಕೂತ ಬೆಕ್ಕು ಒಂದು ಇಡೀ ದಿನ ಏನನ್ನೂ ಮುಟ್ಟದಿದ್ದರೆ ವೈದ್ಯರಿಗೆ ಫೋನ್ ಮಾಡಿ. ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಬರುತ್ತದೆ, ದಪ್ಪ ಬೆಕ್ಕಿಗೆ ಇನ್ನೂ ಬೇಗ. ಜಡೆಗಟ್ಟಿದ ಕೂದಲಿಗೆ ಕತ್ತರಿ ಬೇಡವೇ ಬೇಡ, ತೆಳು ಚರ್ಮ ಗಂಟಿನೊಂದಿಗೆ ಮೇಲೆದ್ದು ಸೀಳಿಹೋಗುತ್ತದೆ. ಕ್ಲಿಪ್ಪರ್ ಹಿಡಿಯಲು ಬಲ್ಲವರಿಂದ ಬೋಳಿಸಿ. ಬಾಲ್ಕನಿಗೆ ಪಾರಿವಾಳದ ನೈಲಾನ್ ಬಲೆ ಇದ್ದರೆ ಸಾಲದು, ಬೆಕ್ಕು ಅದನ್ನು ಕಡಿದು ತೂತು ಮಾಡುತ್ತದೆ. ಸ್ಟೀಲ್ ಮೆಶ್ ಹಾಕಿಸಿ.

ಈ ಸೇವೆಗಳು ಸೋಲುವುದು ಹೆಚ್ಚಾಗಿ ಅರ್ಜಿದಾರರ ಆಯ್ಕೆಯಲ್ಲಿ. ‘ಡಾಲ್ ಫೇಸಾ, ಪಂಚ್ ಫೇಸಾ?’ (ಮೂಗು ಉಬ್ಬಿದ ಮುಖವೋ, ಚಪ್ಪಟೆ ಮುಖವೋ) ಎಂಬುದೇ ಮೊದಲ ಪ್ರಶ್ನೆಯಾದರೆ, ‘ಆಪರೇಷನ್ ಆಗದ ಹೆಣ್ಣು ಸಿಗುತ್ತದೆಯೇ’ ಎಂದು ಮುಂದೆ ಕೇಳಿದರೆ, ಅಲ್ಲಿಗೆ ಮಾತು ನಿಲ್ಲಿಸಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸದೆ ಪರ್ಷಿಯನ್ ಕೊಡುವ ಗುಂಪಿಗೆ ನಮ್ಮ ಶಿಫಾರಸು ಇಲ್ಲ. ‘ಆಮೇಲೆ ಮಾಡಿಸ್ತೀವಿ’ ಎಂದು ಬರೆದುಕೊಟ್ಟರೂ ಇಲ್ಲ. ಪೂರ್ತಿ ಉಚಿತವಾಗಿ ಕೊಡುವುದಕ್ಕಿಂತ ಲಸಿಕೆ, ಆಪರೇಷನ್ನಿನ ಖರ್ಚಿನ ಒಂದು ಪಾಲನ್ನು ಶುಲ್ಕವಾಗಿ ಕೇಳುವುದು ಒಳ್ಳೆಯದು. ಮರುಮಾರಾಟಕ್ಕೆ ಬರುವವರು ಅಲ್ಲೇ ಹಿಂದೆ ಸರಿಯುತ್ತಾರೆ. ಒಟ್ಟಿಗೇ ಮಲಗಿ ಒಟ್ಟಿಗೇ ಉಣ್ಣುವ ಜೋಡಿಯನ್ನು ಬಿಡಿಸದ ಗುಂಪಿನ ಮೇಲೆ ನಮಗೆ ಹೆಚ್ಚು ಗೌರವ.

ಕಾಗದಪತ್ರವನ್ನೂ ಕೇಳಿ. ಮಾಲೀಕರು ಬಿಟ್ಟುಕೊಟ್ಟ ಲಿಖಿತ ಒಪ್ಪಿಗೆ ಇದೆಯೇ? 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ಮೊಕದ್ದಮೆ ನಡೆಯುತ್ತಿದ್ದರೆ, ಹಕ್ಕು ಇತ್ಯರ್ಥವಾಗುವವರೆಗೆ ನಿಮ್ಮ ಮನೆ ಬರೀ ಫಾಸ್ಟರ್ ಮನೆ, ಬೆಕ್ಕು ನಿಮ್ಮದಲ್ಲ. ಇದನ್ನು ಮುಚ್ಚಿಟ್ಟು ದತ್ತುಪತ್ರಕ್ಕೆ ಸಹಿ ಹಾಕಿಸಿಕೊಳ್ಳುವವರಿಂದ ದೂರವಿರಿ. ಪತ್ರದಲ್ಲಿ ಇರಲೇಬೇಕಾದ ಇನ್ನೊಂದು ಕಲಮು: ಸಾಕಲಾಗದಿದ್ದರೆ, ಎಷ್ಟು ವರ್ಷ ಕಳೆದಿದ್ದರೂ, ಬೆಕ್ಕು ಬೇರೆ ಯಾರ ಕೈಗೂ ಹೋಗದೆ ಅದೇ ಗುಂಪಿಗೆ ವಾಪಸು ಬರಬೇಕು.