ಮಳೆಗಾಲಕ್ಕೆ ಎಕ್ಸ್-ಪ್ಲೇನ್ 12, ಜೊತೆಗೊಂದು ಥಂಡಿ ಹಿಡಿದ ಜಾಯ್‌ಸ್ಟಿಕ್

ಶಿರಸಿಯ ಮಳೆಗಾಲದಲ್ಲಿ ತೋಟದವನಿಗೆ ಎರಡೇ ಕೆಲಸ. ಕೊಳೆ ಔಷಧಿ ಹೊಡೆಯಲು ಮಳೆ ಹೊಳವಾಗುವುದನ್ನು ಕಾಯುವುದು, ಕರೆಂಟ್ ಬರುವುದನ್ನು ಕಾಯುವುದು. ಈ ವರ್ಷ ಮೂರನೆಯದು ಸೇರಿಸಿಕೊಂಡೆ: ಎಕ್ಸ್-ಪ್ಲೇನ್ 12, ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ.

ವಿಮಾನ ಸೆಸ್ನಾ 172, ಒಂದೇ ಎಂಜಿನ್ನಿನ ಪುಟ್ಟದು. ಜಾಗ ಮಂಗಳೂರು, ಬಜ್ಪೆ ಗುಡ್ಡದ ಮೇಲಿನ ರನ್‌ವೇ 24. ಬಿಸಿಲಲ್ಲಿ ಇಳಿಸುವುದು ನಾಲ್ಕು ದಿನದಲ್ಲಿ ಬಂತು, ಬೇಜಾರೂ ಬಂತು. ಆಮೇಲೆ ಹವಾಮಾನದ ಪುಟಕ್ಕೆ ಹೋಗಿ ಮೋಡವನ್ನು ಕೆಳಗೆಳೆದೆ. ಕೊಟ್ಟ ದುಡ್ಡು ವಸೂಲಾಗುವುದು ಅಲ್ಲೇ.

ಮೋಡದಲ್ಲೂ ರನ್‌ವೇಗೆ ದಾರಿ ತೋರುವ ರೇಡಿಯೊ ವ್ಯವಸ್ಥೆಗೆ ಐಎಲ್‌ಎಸ್ ಅಂತ ಹೆಸರು. ಅದರಲ್ಲಿ ಎರಡು ಸೂಜಿ. ಒಂದು ಎಡ-ಬಲ ಹೇಳುತ್ತದೆ, ಇನ್ನೊಂದು ಮೇಲೆ-ಕೆಳಗೆ. ಎರಡನ್ನೂ ನಡುವೆ ಇಟ್ಟುಕೊಂಡು 3 ಡಿಗ್ರಿ ಇಳಿಜಾರಿನಲ್ಲಿ ಬರಬೇಕು. ಸಾಮಾನ್ಯ ಐಎಲ್‌ಎಸ್‌ನಲ್ಲಿ 200 ಅಡಿಗೆ ಬಂದಾಗಲೂ ರನ್‌ವೇ ದೀಪ ಕಾಣದಿದ್ದರೆ ಮರುಮಾತಿಲ್ಲದೆ ಮೇಲೇರಬೇಕು. 200 ಅಡಿ ಎಂದರೆ ನಮ್ಮ ತೋಟದ ನಾಲ್ಕು ಅಡಿಕೆ ಮರ ಒಂದರ ಮೇಲೊಂದು ನಿಲ್ಲಿಸಿದಷ್ಟು. 90 ನಾಟ್ ವೇಗದಲ್ಲಿ ನೆಲಕ್ಕೆ ಅರ್ಧ ನಿಮಿಷವೂ ಉಳಿದಿರುವುದಿಲ್ಲ.

ನಾನು ಬಿದ್ದಿದ್ದು ಮಾತ್ರ ವಿಒಆರ್ ಅಪ್ರೋಚ್‌ನಲ್ಲಿ, ಅಂದರೆ ದಿಕ್ಕನ್ನಷ್ಟೇ ಹೇಳುವ ರೇಡಿಯೊ ಕೇಂದ್ರವನ್ನು ನಂಬಿ ಇಳಿಯುವಾಗ. ಅದರಲ್ಲಿ ಮೇಲೆ-ಕೆಳಗೆ ಹೇಳುವ ಸೂಜಿ ಇಲ್ಲ, ಎತ್ತರಕ್ಕೆ ಆಲ್ಟಿಮೀಟರೇ ಗತಿ. ಅವತ್ತು ಗಾಳಿಯ ಒತ್ತಡ 1004 ಹೆಕ್ಟೊಪಾಸ್ಕಲ್. ಆಲ್ಟಿಮೀಟರ್ ಸರಿಯಾಗಿ ತೋರಿಸಬೇಕಾದರೆ ಅದರ ಗುಂಡಿ ತಿರುಗಿಸಿ ಆ ಅಂಕಿಗೆ ಇಡಬೇಕು, ನಾನು ಮರೆತು 1013ರಲ್ಲೇ ಬಿಟ್ಟಿದ್ದೆ. ಒಂದೊಂದು ಅಂಕಿಗೂ ಸುಮಾರು 27 ಅಡಿ ಲೆಕ್ಕ. ಅಂದರೆ ಮುಳ್ಳು ತೋರಿಸಿದ್ದಕ್ಕಿಂತ 240 ಅಡಿ ಕೆಳಗಿದ್ದೆ! ಇಳಿಯಬಹುದಾದ ಕೊನೆಯ ಎತ್ತರ ಬಂತು, ಗಾಜಿನ ತುಂಬ ಹಾಲು ಚೆಲ್ಲಿದಂತೆ ಬಿಳಿ. 'ಇನ್ನೊಂಚೂರು ಇಳಿದರೆ ಕಂಡೀತು' ಅಂತ ಮೂಗು ತಗ್ಗಿಸಿದೆ. ಮೋಡ ಹರಿದಾಗ ಕಂಡಿದ್ದು ಮರದ ತುದಿ.

ಸಣ್ಣ ವಿಮಾನಗಳು ಹೀಗೆ ಬಿದ್ದ ವರದಿಗಳಲ್ಲಿ ಈ 'ಇನ್ನೊಂಚೂರು' ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಓದುವಾಗ ಎಂಥ ದಡ್ಡತನ ಅನಿಸುತ್ತಿತ್ತು. ಈಗ ಹಾಗನ್ನಲು ಬಾಯಿ ಬರುವುದಿಲ್ಲ. ದೇವಿಮನೆ ಘಟ್ಟದಲ್ಲಿ ಮಂಜು ಕವಿದಾಗ ಬಿಳಿ ಗೆರೆಯೊಂದನ್ನೇ ನಂಬಿ ಕಾರು ಓಡಿಸಿದವನೇ ನಾನೂ. ಆದರೆ ಅಲ್ಲಿ ಬ್ರೇಕ್ ಹಾಕಿ ಬದಿಗೆ ನಿಲ್ಲಬಹುದು, ಅಲ್ವಾ?

ಬೇಕಾದ ಉಪಕರಣವನ್ನು ನಾವೇ ಕೆಡಿಸಿ ನೋಡುವ ಸೌಲಭ್ಯವೂ ಇದೆ. ಮೋಡದೊಳಗೆ ಗೈರೊ ತಿರುಗಿಸುವ ವ್ಯಾಕ್ಯೂಮ್ ಪಂಪ್ ಕೆಡಿಸಿದರೆ ದಿಗಂತ ತೋರಿಸುವ ಗೈರೊ ನಿಧಾನಕ್ಕೆ ವಾಲುತ್ತದೆ, ಅದನ್ನು ನಂಬಿ ನಾವು ವಿಮಾನವನ್ನೇ ವಾಲಿಸುತ್ತೇವೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಉಪಕರಣ ನೋಡಿ ಹಾರಲು ಬಾರದ 20 ಜನರನ್ನು ಪರೀಕ್ಷಿಸಿದ್ದರು. ಹತೋಟಿ ತಪ್ಪಲು ಹಿಡಿದದ್ದು ಸರಾಸರಿ 178 ಸೆಕೆಂಡ್. ನನಗೆ ಮೊದಲ ಸಲ ಎರಡು ನಿಮಿಷ. ಅದೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಪಕ್ಕದಲ್ಲಿ ಚಾ ಇಟ್ಟುಕೊಂಡು. ನಿಜವಾದ ಮೋಡದಲ್ಲಿ ಒಳಕಿವಿಯೂ ಸುಳ್ಳು ಹೇಳುತ್ತದಂತೆ. ಆ ಸುಳ್ಳು ಈ ಕುರ್ಚಿಯಲ್ಲಿ ಸಿಗುವುದಿಲ್ಲ.

ಇನ್ನು ಜಾಯ್‌ಸ್ಟಿಕ್. ಆನ್‌ಲೈನಲ್ಲಿ 6,500 ಕೊಟ್ಟು ತರಿಸಿದ್ದು, ಹೆಸರು ಬೇಡ. ಜುಲೈ ಹೊತ್ತಿಗೆ ಥಂಡಿ ಹಿಡಿದು, ಕೈ ಬಿಟ್ಟರೂ ಸುಮ್ನೆ ಎಡಕ್ಕೆ ಎಳೆಯತೊಡಗಿತು. ಕಂಪನಿಯವರನ್ನು ಕೇಳಿದರೆ 'ಒಣ ಜಾಗದಲ್ಲಿಡಿ' ಎಂದರು. ಶಿರಸಿಯಲ್ಲಿ, ಜುಲೈಯಲ್ಲಿ! ಈಗ ರಾತ್ರಿ ಅದು ಒಲೆಯ ಮೇಲಿನ ಅಟ್ಟದಲ್ಲಿ, ಹಪ್ಪಳದ ಡಬ್ಬಿಯ ಪಕ್ಕ ಮಲಗುತ್ತದೆ. ಎಳೆತ ಅರ್ಧ ಕಮ್ಮಿಯಾಗಿದೆ, ಹೊಗೆ ವಾಸನೆ ಜಾಸ್ತಿಯಾಗಿದೆ. ಆಟಕ್ಕೆ ಐದಕ್ಕೆ ನಾಲ್ಕೂವರೆ, ಇದಕ್ಕೆ ಎರಡು.