ಅಜ್ಜಿಯ 4 ನಿಮಿಷ: ಮನೆಯ ಡಿವಿಡಿ ಕನ್ವರ್ಟ್ ಮಾಡುವವರಿಗೆ ಎಚ್ಚರಿಕೆ

ಮನೆಯ ಹಳೆಯ ವಿಡಿಯೊ ಡಿಸ್ಕುಗಳನ್ನು ಕಂಪ್ಯೂಟರಿಗೆ ಹಾಕಿಕೊಳ್ಳಲು ಕೂತಿದ್ದೀರಾ? ದಯವಿಟ್ಟು ಮೊದಲು ಇದನ್ನು ಓದಿ. ನಮ್ಮಲ್ಲಿದ್ದ 12 ಡಿಸ್ಕುಗಳಲ್ಲಿ 9 ಈಗಿಲ್ಲ. ಅವು ಕೆಟ್ಟು ಹೋದದ್ದಲ್ಲ. ಕನ್ವರ್ಟ್ ಆಯಿತೆಂದು ನಂಬಿ ನಾನೇ ಎಸೆದೆ.

ಒಂದು ಉಚಿತ ಕನ್ವರ್ಟರ್ ಇಳಿಸಿಕೊಂಡಿದ್ದೆ. ಡಿಸ್ಕ್ ಹಾಕಿದರೆ ಸಾಕು, ತಾನೇ ಎಲ್ಲ ಆರಿಸಿಕೊಂಡು ಎಂಪಿ4 ಮಾಡಿಕೊಡುತ್ತಿತ್ತು. ‘ಹೈ ಕ್ವಾಲಿಟಿ 1080’ ಎಂಬ ಆಯ್ಕೆ ಕಂಡಿತು, ಅದನ್ನೇ ಒತ್ತಿದೆ. 4 ಜಿಬಿ ದಾಟಿದ್ದ ಡಿಸ್ಕ್ 600 ಎಂಬಿಯ ಫೈಲಾಗಿ ಹೊರಬಂತು. ಅನುಮಾನ ಬರಬೇಕಾದದ್ದು ಅಲ್ಲೇ. ಪ್ರತಿ ಫೈಲಿನ ಮೊದಲ ಒಂದೆರಡು ನಿಮಿಷ ನೋಡಿದೆ, ಸರಿಯಾಗಿದೆ ಅನ್ನಿಸಿತು, ಅಷ್ಟಕ್ಕೇ ಬಿಟ್ಟೆ.

ಎರಡು ವರ್ಷದ ಮೇಲೆ ಅಜ್ಜಿ ತೀರಿಕೊಂಡರು. ಅವರು ಹಾಡಿದ್ದ 4 ನಿಮಿಷದ ತುಣುಕನ್ನು ಎಲ್ಲರಿಗೂ ತೋರಿಸೋಣವೆಂದು ಹುಡುಕಿದೆ. ಯಾವ ಫೈಲಿನಲ್ಲೂ ಅದು ಇರಲಿಲ್ಲ.

ಕಾರಣ ಆಮೇಲೆ ತಿಳಿಯಿತು. ನಮ್ಮ ಡಿವಿಡಿ ರೆಕಾರ್ಡರ್ ಪ್ರತಿ ಸಲ ನಿಲ್ಲಿಸಿ ಶುರು ಮಾಡಿದಾಗ ಡಿಸ್ಕಿನಲ್ಲಿ ಬೇರೆಯೇ ಟೈಟಲ್, ಅಂದರೆ ಪ್ರತ್ಯೇಕ ವಿಡಿಯೊ ಭಾಗ, ಬರೆಯುತ್ತಿತ್ತು. ಕನ್ವರ್ಟರ್ ಎಲ್ಲಕ್ಕಿಂತ ಉದ್ದದ್ದನ್ನು ಮುಖ್ಯ ಚಿತ್ರವೆಂದು ಹಿಡಿದು, ಉಳಿದದ್ದನ್ನು ಬಿಟ್ಟಿತ್ತು. ಸಿನಿಮಾ ಡಿಸ್ಕಿಗೆ ಅದು ಸರಿ. ಮನೆಯ ಡಿಸ್ಕಿನಲ್ಲಿ ಬೆಲೆಬಾಳುವುದೆಲ್ಲ ಆ ಚಿಕ್ಕ ತುಣುಕುಗಳಲ್ಲೇ ಇರುತ್ತದೆ.

ಸಿಕ್ಕಿದ ದೃಶ್ಯಗಳೂ ನೆಟ್ಟಗಿಲ್ಲ. ಯಾರಾದರೂ ಕೈ ಬೀಸಿದರೆ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು. ಡಿವಿಡಿಯ ಚಿತ್ರ ಹೆಚ್ಚೆಂದರೆ 720×576 ಅಥವಾ 720×480 ಚುಕ್ಕೆಗಳಷ್ಟು, ಮನೆಯ ಕ್ಯಾಮೆರಾದ್ದಾದರೆ ಬಹುಪಾಲು ಇಂಟರ್‌ಲೇಸ್ಡ್. ಅಂದರೆ ಒಂದೊಂದು ಫ್ರೇಮಿನಲ್ಲೂ ಬೇರೆ ಬೇರೆ ಕ್ಷಣದಲ್ಲಿ ಹಿಡಿದ ಎರಡು ಅರ್ಧಚಿತ್ರಗಳು, ಒಂದು ಗೆರೆ ಬಿಟ್ಟು ಒಂದು ಗೆರೆಯಂತೆ ಹೆಣೆದುಕೊಂಡಿರುತ್ತವೆ. ಅವನ್ನು ಬಿಡಿಸದೆ ಹಾಗೇ 1080ಕ್ಕೆ ಹಿಗ್ಗಿಸಿದರೆ ಗೆರೆಗಳು ಚಿತ್ರದೊಳಗೇ ಬೆಸೆದುಹೋಗುತ್ತವೆ. ಆಮೇಲೆ ಎಷ್ಟು ಫಿಲ್ಟರ್ ಹಾಕಿದರೂ ಮೂಲ ವಾಪಸ್ ಬರುವುದಿಲ್ಲ. ನಾನು ವಾರಗಟ್ಟಲೆ ಪ್ರಯತ್ನಿಸಿದೆ. ಹಿಗ್ಗಿಸಿದ್ದರಿಂದ ಒಂದು ಚೂರೂ ವಿವರ ಹೆಚ್ಚಿರಲಿಲ್ಲ, ಇದ್ದದ್ದೇ ಮಾಸಿತ್ತು.

ನನಗೆ ಗೊತ್ತಿರದೇ ಹೋದದ್ದು ಇದು: ಡಿಸ್ಕಿನಲ್ಲಿರುವುದು ಆಗಲೇ ಎಂಪೆಗ್-2 ವಿಡಿಯೊ. ಅದನ್ನು ಕನ್ವರ್ಟ್ ಮಾಡಬೇಕಾಗಿಯೇ ಇಲ್ಲ, ಹೊರತೆಗೆದರೆ ಸಾಕು. ಹೊಸದಾಗಿ ಎನ್‌ಕೋಡ್ ಮಾಡಿದಾಗಲೇ, ಅಂದರೆ ಮತ್ತೆ ಸಂಕುಚಿಸಿದಾಗಲೇ, ಗುಣಮಟ್ಟ ಹೋಗುವುದು.

ಉಳಿದ 3 ಡಿಸ್ಕುಗಳನ್ನು ಹೀಗೆ ಮಾಡಿದೆ. ಮೊದಲು ಇಡೀ ಡಿಸ್ಕನ್ನು ಐಎಸ್‌ಒ ಫೈಲಾಗಿ ನಕಲು ಮಾಡಿ ಎರಡು ಕಡೆ ಇಟ್ಟೆ. ಗೀರು ಬಿದ್ದಿದ್ದ ಒಂದಕ್ಕೆ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿದೆ. ಅದು ಓದಲಾಗದ ಜಾಗವನ್ನು ದಾಟಿ ಮುಂದೆ ಹೋಗಿ, ಕೊನೆಯಲ್ಲಿ ತಿರುಗಿ ಬಂದು ಮತ್ತೆ ಮತ್ತೆ ಯತ್ನಿಸುತ್ತದೆ. ಡ್ರೈವ್ ಬದಲಿಸಿದಾಗ ಇನ್ನಷ್ಟು ಓದಿತು. ಆಮೇಲೆ ಮೇಕ್‌ಎಂಕೆವಿ ಎಂಬ ತಂತ್ರಾಂಶದಲ್ಲಿ ಪ್ರತಿ ಟೈಟಲನ್ನೂ ಬೇರೆ ಬೇರೆ ಎಂಕೆವಿ ಫೈಲಾಗಿ ತೆಗೆದೆ. ಅದು ವಿಡಿಯೊವನ್ನು ಮುಟ್ಟುವುದಿಲ್ಲ, ಅದನ್ನು ತುಂಬಿಟ್ಟ ಡಬ್ಬಿ, ಅಂದರೆ ಫೈಲಿನ ರೂಪ, ಮಾತ್ರ ಬದಲಿಸುತ್ತದೆ. ಇಲ್ಲೂ ಒಂದು ಗುಂಡಿ ಇದೆ, ಬೀಳಬೇಡಿ: ಅದರ ಸೆಟ್ಟಿಂಗಿನಲ್ಲಿ ಕನಿಷ್ಠ ಟೈಟಲ್ ಉದ್ದ 120 ಸೆಕೆಂಡ್ ಎಂದಿರುತ್ತದೆ, ಅದಕ್ಕಿಂತ ಚಿಕ್ಕವನ್ನು ತೋರಿಸುವುದೇ ಇಲ್ಲ. ಅದನ್ನು 0 ಮಾಡಿಕೊಳ್ಳಿ.

ಡಿಸ್ಕಿನಲ್ಲಿ ವಿಡಿಯೊ ಇರುವ ವಿಒಬಿ ಫೈಲುಗಳನ್ನು ನೇರ ಎಳೆದುಕೊಂಡು ಎಂಪಿಜಿ ಎಂದು ಹೆಸರು ಬದಲಿಸಿದರೆ ಆಯಿತು ಎನ್ನುವವರಿದ್ದಾರೆ. ನನಗೆ ಅದು ಬೇಡವೆನಿಸುತ್ತದೆ. ಒಂದೇ ದೃಶ್ಯ 1 ಜಿಬಿಯ ತುಂಡುಗಳಾಗಿ ಹರಿದಿರುತ್ತದೆ, ತುಂಡುಗಳನ್ನು ಒಂದೊಂದಾಗಿ ತೆರೆದು ಸೇರಿಸಿದರೆ ಜೋಡಣೆಯ ಜಾಗದಲ್ಲಿ ಧ್ವನಿ ಚಿತ್ರಕ್ಕೆ ಹೊಂದದೆ ಹಿಂದೆಮುಂದಾಗಬಹುದು.

ವಿಡಿಯೊ ಎಡಿಟರ್ ಎಂಕೆವಿ ತೆರೆಯದಿದ್ದರೆ, ಪರಿವರ್ತನಾ ತಂತ್ರಾಂಶವಾದ ಎಫ್‌ಎಫ್‌ಎಂಪೆಗ್‌ನಲ್ಲಿ ವಿಡಿಯೊವನ್ನು ‘ಕಾಪಿ’ ಎಂದಿಟ್ಟು, ಮತ್ತೆ ಸಂಕುಚಿಸದೆ, ಎಂಒವಿ ಡಬ್ಬಿಗೆ ಬದಲಿಸಬಹುದು. ಡಿಸ್ಕಿನ ಎಸಿ-3 ಎಂಬ ಸಂಕುಚಿತ ಧ್ವನಿ ಕೇಳದಿದ್ದರೆ ಧ್ವನಿಯನ್ನಷ್ಟೇ ಸಂಕುಚಿಸದ ಪಿಸಿಎಂ ರೂಪಕ್ಕೆ ಮಾಡಿ. ಅದೂ ಆಗದಿದ್ದರೆ ಮಾತ್ರ ಎಡಿಟಿಂಗಿಗೆ ಬಳಸುವ ಪ್ರೊರೆಸ್ ರೂಪಕ್ಕೆ ಎನ್‌ಕೋಡ್ ಮಾಡಿ. ಫೈಲು ಬಹಳ ದೊಡ್ಡದಾಗುತ್ತದೆ, ಆಗಲಿ. ಹೆಣೆದ ಅರ್ಧಚಿತ್ರಗಳನ್ನು ಬೇರ್ಪಡಿಸುವ ಕೆಲಸವನ್ನು ಎಡಿಟ್ ಮಾಡುವಾಗ, ನಕಲಿನ ಮೇಲೆ ಮಾಡಿ. ಮೂಲದ ಮೇಲಂತೂ ಬೇಡ.

ಪ್ರತಿ ಟೈಟಲಿನ ಅವಧಿಯನ್ನೂ ಡಿಸ್ಕಿನ ಜೊತೆ ಹೋಲಿಸಿ, ಕೊನೆಯ ನಿಮಿಷದವರೆಗೆ ಕೂತು ನೋಡಿ. ಅದಾದ ಮೇಲೂ ಡಿಸ್ಕನ್ನು ಎಸೆಯಬೇಡಿ.

ಆ 3 ಡಿಸ್ಕುಗಳಲ್ಲಿ ಒಂದರಲ್ಲಿ 40 ಸೆಕೆಂಡಿನ ಒಂದು ಟೈಟಲ್ ಸಿಕ್ಕಿತು. ಖಾಲಿ ಅಂಗಳ, ನಾನು ಓಡುತ್ತಿದ್ದೇನೆ. ಅಜ್ಜಿ ಕಾಣುವುದಿಲ್ಲ. ಕ್ಯಾಮೆರಾದ ಹಿಂದಿನಿಂದ ನನ್ನನ್ನು ಎರಡು ಸಲ ಕೂಗುತ್ತಾರೆ.